ಹೆಸರಿಲ್ಲದ ವಿಡಿಯೊಗೆ ಕಥೆ ಕಟ್ಟುವವರು ಯಾರು?

2020ರ ಜುಲೈ. ಕೊರೊನಾ ಭಯ ಇನ್ನೂ ಮನೆಮನೆಯಲ್ಲಿತ್ತು. ಆಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಎಚ್ಚರಿಕೆ ಓಡಾಡಿತು. ಅರ್ಜೆಂಟೀನಾದಲ್ಲಿ ಸೋಂಕು ಇಳಿಯುತ್ತಿರುವುದನ್ನು ತೋರಿಸುವ ವಿಡಿಯೊ ಬರಲಿದೆ, ಫೈಲಿನ ಹೆಸರು ‘ಅರ್ಜೆಂಟೀನಾ ಈಸ್ ಡೂಯಿಂಗ್ ಇಟ್’, ದಯವಿಟ್ಟು ತೆರೆಯಬೇಡಿ, ತೆರೆದರೆ 10 ಸೆಕೆಂಡಿನಲ್ಲಿ ಫೋನ್ ಹ್ಯಾಕ್ ಆಗುತ್ತದೆ, ತಡೆಯಲು ಯಾವ ದಾರಿಯೂ ಇಲ್ಲ, ನಿಮ್ಮವರಿಗೆಲ್ಲ ತಿಳಿಸಿ. ಎಚ್ಚರಿಕೆ ಹಲವು ದೇಶಗಳನ್ನು ಸುತ್ತಿತು. ಅಂಥ ವಿಡಿಯೊ ಮಾತ್ರ ಸತ್ಯಶೋಧಕರ ಕೈಗೆ ಎಲ್ಲಿಯೂ ಸಿಗಲಿಲ್ಲ.

ಇದರ ಅಣ್ಣನೊಬ್ಬ 2017ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿದ್ದ. ಅವನ ಹೆಸರು ‘ಮಾರ್ಟಿನೆಲ್ಲಿ’. ನಾಳೆ ಆ ಹೆಸರಿನ ವಿಡಿಯೊ ಬರುತ್ತದೆ, ಮುಟ್ಟಿದರೆ ಫೋನ್ ಕೆಡುತ್ತದೆ ಎಂಬ ಸುದ್ದಿ ಎಷ್ಟು ಹಬ್ಬಿತೆಂದರೆ, ಇದು ಸುಳ್ಳು ಎಂದು ಅಲ್ಲಿನ ಪೊಲೀಸರೇ ಸಾರಬೇಕಾಯಿತು. ಇನ್ನೂ ಹಿಂದಕ್ಕೆ ಹೋದರೆ, 1994ರ ಕೊನೆಯಲ್ಲಿ ‘ಗುಡ್ ಟೈಮ್ಸ್’ ಎಂಬ ಇಮೇಲಿನ ಬಗ್ಗೆ ಇಂಥದೇ ಗುಲ್ಲೆದ್ದಿತ್ತು. ಆ ಇಮೇಲೂ ಇರಲಿಲ್ಲ. ಆದರೆ ಅದರ ಬಗೆಗಿನ ಎಚ್ಚರಿಕೆಗಳು ಅಂಚೆಪೆಟ್ಟಿಗೆಗಳನ್ನು ತುಂಬಿದವು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ತಲೆಮಾರಿಗೆ ಈ ಬಗೆಯ ಸುದ್ದಿ ಹೇಗೆ ನಡೆಯುತ್ತದೆಂದು ವಿವರಿಸಬೇಕಿಲ್ಲ. ದೆವ್ವವನ್ನು ಕಂಡವರು ಯಾರೂ ಇರಲಿಲ್ಲ, ಪಕ್ಕದ ಬೀದಿಯಲ್ಲಿ ಕಂಡವರಿದ್ದಾರೆ ಎಂದು ಕೇಳಿದವರು ಎಲ್ಲರೂ ಇದ್ದರು.

ಇಂಟರ್ನೆಟ್ಟಿನ ದಂತಕಥೆಗಳಲ್ಲಿ ವಿಡಿಯೊ ಫೈಲುಗಳದ್ದೇ ಒಂದು ದೊಡ್ಡ ಕುಲ. ಎಲ್ಲೋ ಹಳೆಯ ಹಾರ್ಡ್ ಡಿಸ್ಕಿನಲ್ಲಿ, ಯಾರೋ ಬಿಟ್ಟುಹೋದ ಸಿ.ಡಿ.ಯಲ್ಲಿ, ಯಾರೂ ನೋಡದ ಚಾನೆಲ್ಲಿನಲ್ಲಿ ಒಂದು ಫೈಲ್ ಸಿಗುತ್ತದೆ. ಹೆಸರು ಸಪ್ಪೆ: ನಾಲ್ಕು ಅಕ್ಷರ, ನಾಲ್ಕು ಅಂಕಿ, ಒಂದು ಚುಕ್ಕಿ. ಒಳಗೆ ಏನೋ ಘೋರವಾದದ್ದು ಇದೆ ಎನ್ನುತ್ತದೆ ಕಥೆ. ಹೆಸರು ಸಪ್ಪೆಯಾಗಿದ್ದಷ್ಟೂ ಭಯ ಹೆಚ್ಚು. ಕಾರಣ ಸರಳ. ಏನನ್ನೂ ಹೇಳದ ಹೆಸರಿನ ಫೈಲಿಗೆ ಊರಿಲ್ಲ, ತಾರೀಖಿಲ್ಲ, ತೆಗೆದವರಿಲ್ಲ. ಆ ಖಾಲಿ ಜಾಗದಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಕಥೆಗಾರ ಕೂತರೆ ಓದಿದವರಿಗೆ ಒಂದು ರಾತ್ರಿ ನಿದ್ದೆ ಬರುವುದಿಲ್ಲ. ಸುಳ್ಳುಗಾರ ಕೂತರೆ ಜೀವ ಹೋಗುತ್ತದೆ. ಕರ್ನಾಟಕದಲ್ಲಿ ಹೋಗಿವೆ. ಅದಕ್ಕಾಗಿಯೇ ಈ ವಿಷಯವನ್ನು ಬರೀ ಹುಡುಗರ ಗೀಳು ಎಂದು ತಳ್ಳಿಹಾಕಬಾರದೆಂದು ನನಗನ್ನಿಸುವುದು.

ಈ ಸಪ್ಪೆ ಹೆಸರುಗಳು ಎಲ್ಲಿಂದ ಬರುತ್ತವೆ? ಯಂತ್ರಗಳಿಂದ. ಡಿಜಿಟಲ್ ಕ್ಯಾಮೆರಾಗಳು ಹೊಸದಾಗಿ ಬಂದಾಗ, ಒಂದು ಕಂಪನಿಯ ಕ್ಯಾಮೆರಾದಲ್ಲಿ ತೆಗೆದದ್ದು ಇನ್ನೊಂದು ಕಂಪನಿಯ ಯಂತ್ರದಲ್ಲೂ ತೆರೆಯಬೇಕೆಂದು ಜಪಾನಿನ ತಯಾರಕರು 1998ರಲ್ಲಿ ಒಂದು ನಿಯಮ ಮಾಡಿಕೊಂಡರು. ಅದರ ಪ್ರಕಾರ ಫೈಲಿನ ಹೆಸರಿಗೆ ಎಂಟೇ ಜಾಗ: ಮೊದಲು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗಿನ ಒಂದು ಸಂಖ್ಯೆ. ‘ಐಎಂಜಿ_0001’, ‘ಡಿಎಸ್‌ಸಿ_0001’, ಕ್ಯಾನನ್ ಕ್ಯಾಮೆರಾದ ವಿಡಿಯೊ ಆದರೆ ‘ಎಂವಿಐ_0001’, ಇವೆಲ್ಲ ಅದೇ ನಿಯಮದ ಮಕ್ಕಳು. ಎಣಿಕೆ 9999ಕ್ಕೆ ಮುಗಿದರೆ ಮತ್ತೆ ಒಂದರಿಂದ ಶುರು. ಹೀಗಾಗಿ ಜಗತ್ತಿನಲ್ಲಿ ‘ಐಎಂಜಿ_0001’ ಎಂಬ ಹೆಸರಿನ ಫೈಲುಗಳು ಲೆಕ್ಕವಿಲ್ಲದಷ್ಟಿವೆ. ಮಗುವಿನ ಮೊದಲ ಹೆಜ್ಜೆಗೂ ಅದೇ ಹೆಸರು, ಅಪಘಾತದ ಸ್ಥಳದ ದೃಶ್ಯಕ್ಕೂ ಅದೇ ಹೆಸರು. ಯಂತ್ರಕ್ಕೆ ಭೇದವಿಲ್ಲ.

ಯಂತ್ರ ಇಟ್ಟ ಹೆಸರನ್ನು ಮನುಷ್ಯರು ಗುಪ್ತಸಂಕೇತವೆಂದು ಓದಿದ ಬಹು ದೊಡ್ಡ ಪ್ರಸಂಗ ನಡೆದದ್ದು ಯೂಟ್ಯೂಬಿನಲ್ಲಿ. 2013ರಲ್ಲಿ ‘ವೆಬ್‌ಡ್ರೈವರ್ ಟಾರ್ಸೊ’ ಎಂಬ ಚಾನೆಲ್ ಹುಟ್ಟಿತು. ಆ ವರ್ಷದ ಸೆಪ್ಟೆಂಬರಿನಿಂದ ಅದರಲ್ಲಿ ವಿಡಿಯೊಗಳು ಬೀಳತೊಡಗಿದವು, ಹಗಲು ರಾತ್ರಿ, ನಿಮಿಷಗಳ ಅಂತರದಲ್ಲಿ. ಬಹುತೇಕ ಎಲ್ಲವೂ 11 ಸೆಕೆಂಡಿನವು. ಬಿಳಿ ಹಿನ್ನೆಲೆಯ ಮೇಲೆ ಒಂದು ನೀಲಿ ಆಯತ, ಒಂದು ಕೆಂಪು ಆಯತ. ಸೆಕೆಂಡಿಗೊಮ್ಮೆ ಅವುಗಳ ಜಾಗ, ಗಾತ್ರ ಬದಲು, ಜೊತೆಗೆ ಬೇರೆ ಬೇರೆ ಸ್ಥಾಯಿಯ ‘ಬೀಪ್’. ಹೆಸರುಗಳೆಲ್ಲ ‘ಟಿಎಂಪಿ’ ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರ-ಅಂಕಿಗಳಲ್ಲಿ ಮುಗಿಯುತ್ತಿದ್ದವು. 2014ರ ಹೊತ್ತಿಗೆ ಹತ್ತಾರು ಸಾವಿರ ವಿಡಿಯೊಗಳಾಗಿದ್ದವು. ನಡುವೆ ಒಂದರಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, ಪ್ಯಾರಿಸ್ಸಿನ ಐಫೆಲ್ ಗೋಪುರ.

ಜನ ಸುಮ್ಮನಿರುತ್ತಾರೆಯೇ? ಶೀತಲ ಸಮರದ ಕಾಲದಲ್ಲಿ ಗೂಢಚಾರರಿಗೆ ರೇಡಿಯೊದಲ್ಲಿ ಅಂಕಿಗಳನ್ನು ಓದಿ ಸಂದೇಶ ಕಳಿಸುತ್ತಿದ್ದ ಕೇಂದ್ರಗಳಿದ್ದವು. ಇದು ಅದರ ಹೊಸ ಅವತಾರ ಎಂದರು ಕೆಲವರು. ಬೇರೆ ಲೋಕದ ಜೀವಿಗಳ ಕರೆ ಎಂದರು ಇನ್ನು ಕೆಲವರು. ಬಿಬಿಸಿ ಕೂಡ ಇದರ ಬೆನ್ನು ಹತ್ತಿತು. ಕಡೆಗೆ ಇಟಲಿಯ ಒಬ್ಬ ಬ್ಲಾಗರ್ ಚಾನೆಲ್ಲಿನ ಜಾಡು ಹಿಡಿದು ಗೂಗಲ್‌ವರೆಗೆ ಹೋದ. ಇದು ತನ್ನದೇ ಪರೀಕ್ಷಾ ಚಾನೆಲ್ ಎಂದು ಗೂಗಲ್ 2014ರಲ್ಲಿ ಒಪ್ಪಿಕೊಂಡಿತು. ನಾವು ಏರಿಸುವ ವಿಡಿಯೊವನ್ನು ಯೂಟ್ಯೂಬ್ ಕುಗ್ಗಿಸಿ, ಹಲವು ಗಾತ್ರಗಳಿಗೆ ಇಳಿಸಿ ಇಟ್ಟುಕೊಳ್ಳುತ್ತದೆ. ಆ ಕೆಲಸದಲ್ಲಿ ಬಣ್ಣ ಮಾಸಿತೇ, ಅಂಚು ಮಸುಕಾಯಿತೇ, ದನಿ ಕೆಟ್ಟಿತೇ ಎಂದು ತಾನೇ ತಾನಾಗಿ ಪರೀಕ್ಷಿಸಲು ಸುಲಭವಾಗಿ ಅಳೆಯಬಹುದಾದ ಚಿತ್ರ ಬೇಕು. ಎರಡು ಆಯತಗಳಿಗಿಂತ ಸುಲಭವಾದದ್ದು ಇನ್ನೇನಿದೆ? ‘ಟಿಎಂಪಿ’ ಎಂಬುದು ತಾತ್ಕಾಲಿಕ ಫೈಲಿಗೆ ಪ್ರೋಗ್ರಾಮುಗಳು ಇಡುವ ಮಾಮೂಲಿ ಪೂರ್ವಪದ. ಚಾನೆಲ್ಲಿನ ಹೆಸರಿನ ಮೊದಲ ಅರ್ಧವೂ ಹಾಗೆಯೇ. ಬ್ರೌಸರನ್ನು ಮನುಷ್ಯನ ಕೈಯಿಲ್ಲದೆ ನಡೆಸುವ, ಬೆಂಗಳೂರಿನ ಯಾವ ಟೆಸ್ಟಿಂಗ್ ಎಂಜಿನಿಯರನ್ನು ಕೇಳಿದರೂ ಗೊತ್ತಿರುವ ಒಂದು ಸಲಕರಣೆಯ ಹೆಸರು ಅದು.

ಈ ಪ್ರಸಂಗ ನನಗೆ ಮುಖ್ಯವೆನಿಸುವುದು ಉತ್ತರ ಸಿಕ್ಕಿತೆಂಬ ಕಾರಣಕ್ಕಷ್ಟೇ ಅಲ್ಲ. ಉತ್ತರ ಮೊದಲ ದಿನದಿಂದಲೂ ಹೆಸರಿನಲ್ಲೇ ಬರೆದಿತ್ತು. ಅದನ್ನು ಓದಬಲ್ಲವರು ಸಾವಿರಾರು ಮಂದಿ ಇದ್ದರು. ಆದರೆ ಗೂಢಚಾರರ ಕಥೆ ಓಡಿದ ವೇಗದಲ್ಲಿ ‘ಇದು ಯಾವುದೋ ಕಂಪನಿಯ ಪರೀಕ್ಷೆ ಇರಬಹುದು’ ಎಂಬ ಮಾತು ಓಡುವುದಿಲ್ಲ.

ಇನ್ನು ಕಟ್ಟಿದ ಕಥೆಗಳು. ಇವುಗಳ ಪೂರ್ವಜ ಕ್ಯಾಸೆಟ್ಟಿನ ಕಾಲದವನು. ಜಪಾನಿನ ಲೇಖಕ ಕೋಜಿ ಸುಝುಕಿ 1991ರಲ್ಲಿ ‘ರಿಂಗ್’ ಎಂಬ ಕಾದಂಬರಿ ಬರೆದರು. ಅದರಲ್ಲೊಂದು ಹೆಸರು-ಕುಲವಿಲ್ಲದ ವಿಡಿಯೊ ಕ್ಯಾಸೆಟ್. ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. 1998ರಲ್ಲಿ ಅದು ಸಿನಿಮಾ ಆಗಿ ಜಗತ್ತನ್ನೆಲ್ಲ ನಡುಗಿಸಿತು. ಕ್ಯಾಸೆಟ್ ಹೋಗಿ ಕಂಪ್ಯೂಟರ್ ಬಂದ ಮೇಲೆ ಶಾಪ ಫೈಲಿಗೆ ವರ್ಗವಾಯಿತು. 2000ದ ದಶಕದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಭಯದ ಕಥೆಗಳು ಒಬ್ಬರಿಂದೊಬ್ಬರಿಗೆ ನಕಲಾಗುತ್ತ ಹರಿದಾಡತೊಡಗಿದವು. ಇವಕ್ಕೆ ‘ಕ್ರೀಪಿಪಾಸ್ಟಾ’ ಎಂಬ ಹೆಸರು ಬಿತ್ತು. ಅವುಗಳಲ್ಲಿ ಒಂದು ದೊಡ್ಡ ಪಾಲು ‘ಎವಿಐ’ ಎಂದು ಕೊನೆಯಾಗುವ ಫೈಲುಗಳದ್ದು.

‘ಸುಸೈಡ್‌ಮೌಸ್.ಎವಿಐ’ ಎಂಬುದನ್ನೇ ನೋಡಿ. 1930ರ ದಶಕದ, ಯಾರೂ ನೋಡಿರದ ಒಂದು ಮಿಕ್ಕಿ ಮೌಸ್ ಚಿತ್ರ ಸಿಕ್ಕಿದೆಯಂತೆ. ಮಿಕ್ಕಿ ತಲೆತಗ್ಗಿಸಿ ಕಟ್ಟಡಗಳ ಮುಂದೆ ನಡೆಯುತ್ತಲೇ ಇರುತ್ತಾನೆ. ಬರುಬರುತ್ತ ಚಿತ್ರ ಕದಡುತ್ತದೆ, ಕಿರುಚಾಟ ಕೇಳುತ್ತದೆ. ಕೊನೆಯವರೆಗೆ ನೋಡಿದ ನೌಕರನೊಬ್ಬ ಬದುಕುಳಿಯಲಿಲ್ಲವಂತೆ. 2009ರ ನವೆಂಬರಿನಲ್ಲಿ ಈ ವಿವರಣೆಗೆ ಹೊಂದುವ ವಿಡಿಯೊ ಯೂಟ್ಯೂಬಿಗೂ ಬಂತು. ಕಥೆಗಾರನ ಕುಸುರಿ ಎಲ್ಲಿದೆ ಗಮನಿಸಿ. ಚಿತ್ರವನ್ನು ಪರಿಶೀಲಿಸುತ್ತಿದ್ದವರು ಲಿಯೊನಾರ್ಡ್ ಮಾಲ್ಟಿನ್ ಎಂದು ಕಥೆ ಹೇಳುತ್ತದೆ. ಮಾಲ್ಟಿನ್ ನಿಜವಾದ ಮನುಷ್ಯ, ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ. ಡಿಸ್ನಿಯ ಹಳೆಯ ಚಿತ್ರಗಳ ಡಿವಿಡಿ ಮಾಲಿಕೆಯನ್ನು ನಿಜಕ್ಕೂ ನಡೆಸಿಕೊಟ್ಟವರು. ಅಲ್ಲಿಯವರೆಗೆ ಎಲ್ಲ ಸತ್ಯ. ಆ ಸತ್ಯದ ಬೆನ್ನೇರಿಯೇ ಸುಳ್ಳು ಒಳಗೆ ಬರುತ್ತದೆ. ಇನ್ನೊಂದು ಕಥೆಯಲ್ಲಿ ಶಾಪಗ್ರಸ್ತ ವಿಡಿಯೊವನ್ನು ನೋಡಿ ಕಣ್ಣು ಕಿತ್ತುಕೊಂಡವರು ‘153 ಮಂದಿ’, ಅವರು ಅವನ್ನು ಅಂಚೆಯಲ್ಲಿ ಕಳಿಸಿದ್ದು ಸ್ಯಾನ್ ಬ್ರೂನೊದಲ್ಲಿರುವ ಯೂಟ್ಯೂಬ್ ಕಚೇರಿಗೆ. ಕಚೇರಿ ಅಲ್ಲಿರುವುದು ನಿಜ. ಸುಮಾರು ನೂರೈವತ್ತು ಎಂದಿದ್ದರೆ ಕಥೆ, 153 ಎಂದರೆ ವರದಿ. ವಾಟ್ಸ್‌ಆ್ಯಪ್ ಸುಳ್ಳುಗಳಲ್ಲೂ ಇದೇ ತಂತ್ರ: ‘10 ಸೆಕೆಂಡು’ ಎಂಬ ಕರಾರುವಾಕ್ಕು ಲೆಕ್ಕ, ಒಂದು ದೊಡ್ಡ ಆಸ್ಪತ್ರೆಯ ಹೆಸರು, ಒಬ್ಬ ಪೊಲೀಸ್ ಅಧಿಕಾರಿಯ ಹುದ್ದೆ. ಕರಾರುವಾಕ್ಕಾದ ಅಂಕಿ ಕಂಡ ಕೂಡಲೇ ನಂಬುವ ಅಭ್ಯಾಸ ನಮಗಿದೆ. ಅದನ್ನು ಅವರು ಚೆನ್ನಾಗಿ ಬಲ್ಲರು.

ಇಂಥ ಕಥೆ ಬರೆಯುವವರನ್ನು ನಾನು ದೂರುವುದಿಲ್ಲ. ಕ್ರಿಸ್ ಸ್ಟ್ರಾಬ್ 2009ರಲ್ಲಿ ಬರೆದ ‘ಕ್ಯಾಂಡಲ್ ಕೋವ್’ ಈ ಬಗೆಯ ಬರವಣಿಗೆಯಲ್ಲಿ ನಿಜಕ್ಕೂ ಒಳ್ಳೆಯ ಕಥೆ. ಬಾಲ್ಯದಲ್ಲಿ ನೋಡಿದ ಒಂದು ಟಿ.ವಿ. ಕಾರ್ಯಕ್ರಮವನ್ನು ಕೆಲವರು ನೆನಪಿಸಿಕೊಳ್ಳುತ್ತಾರೆ, ಆ ಹೊತ್ತಿನಲ್ಲಿ ಪರದೆಯ ಮೇಲೆ ಬರೀ ಗೆರೆಗಳಷ್ಟೇ ಇದ್ದವೆಂದು ಕೊನೆಗೆ ತಿಳಿಯುತ್ತದೆ. ಲೇಖಕ ತನ್ನ ಹೆಸರನ್ನು ಬಚ್ಚಿಡಲಿಲ್ಲ. ತೊಂದರೆ ಶುರುವಾಗುವುದು ಕಥೆ ನಕಲಾಗುತ್ತ ಲೇಖಕರ ಹೆಸರು ಕಳಚಿಬಿದ್ದಾಗ. 2009ರಲ್ಲೇ ಒಂದು ಚಿತ್ರಸ್ಪರ್ಧೆಗಾಗಿ ಅಮೆರಿಕದಲ್ಲಿ ಸೃಷ್ಟಿಯಾದ ‘ಸ್ಲೆಂಡರ್ ಮ್ಯಾನ್’ ಎಂಬ ಮುಖವಿಲ್ಲದ ಆಕೃತಿಯನ್ನು ನಿಜವೆಂದು ನಂಬಿದ 12 ವರ್ಷದ ಇಬ್ಬರು ಹುಡುಗಿಯರು 2014ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಸಹಪಾಠಿಯನ್ನೇ ಇರಿದರು. ಆ ಮಗು ಬದುಕುಳಿದದ್ದು ಪುಣ್ಯ.

ಹಳೆಯ ಫೈಲುಗಳಲ್ಲಿ ಕಂಡ ‘ವಿಚಿತ್ರ’ಗಳಲ್ಲಿ ಕೆಲವು ಕಟ್ಟುಕಥೆಯೂ ಅಲ್ಲ. ಕಣ್ಣಾರೆ ಕಂಡವೇ. ಅವಕ್ಕೆ ಕಾರಣ ಬೇರೆ, ಅದನ್ನು ತುಸು ಸಾವಧಾನವಾಗಿ ನೋಡಬೇಕು. ವಿಡಿಯೊ ಎಂದರೆ ಸೆಕೆಂಡಿಗೆ 25 ಅಥವಾ 30 ಸ್ಥಿರಚಿತ್ರಗಳು. ಅಷ್ಟನ್ನೂ ಪೂರ್ತಿಯಾಗಿ ತುಂಬಿಡಲು ಹೋದರೆ ಯಾವ ಡಿಸ್ಕೂ ಸಾಲದು. ಅದಕ್ಕೆ ಕಂಪ್ಯೂಟರ್ ಒಂದು ಉಪಾಯ ಮಾಡುತ್ತದೆ. ಆಗೊಂದು ಈಗೊಂದು ಚಿತ್ರವನ್ನು ಮಾತ್ರ ಇಡಿಯಾಗಿ ಉಳಿಸುತ್ತದೆ. ನಡುವಿನ ಚಿತ್ರಗಳ ಜಾಗದಲ್ಲಿ ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ, ಈ ಚೂರು ಎಡಕ್ಕೆ ಸರಿದಿದೆ’ ಎಂದಷ್ಟೇ ಬರೆದಿಡುತ್ತದೆ. ಈಗ ಆ ಇಡಿ ಚಿತ್ರ ಒಂದು ಕಳೆದುಹೋಯಿತು ಎನ್ನಿ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು, ಸಿ.ಡಿ.ಗೆ ಗೀರು ಬಿದ್ದಿರಬಹುದು. ಪ್ಲೇಯರಿಗೆ ಅದು ತಿಳಿಯದು. ಮುಂದಿನ ದೃಶ್ಯದ ಚಲನೆಯನ್ನು ಹಿಂದಿನ ದೃಶ್ಯದ ಚಿತ್ರದ ಮೇಲೆಯೇ ಹೂಡುತ್ತದೆ. ನಗುತ್ತಿದ್ದ ಹೆಂಗಸಿನ ಮುಖ ಇದ್ದಲ್ಲೇ ಇರುತ್ತದೆ. ಮುಂದಿನ ದೃಶ್ಯದಲ್ಲಿ ಮಾತಾಡುವ ಗಂಡಸಿನ ತುಟಿ, ಗಲ್ಲ, ಹುಬ್ಬು ಆಡಿದಂತೆ ಅವಳ ಚರ್ಮ ಎಳೆದುಕೊಳ್ಳುತ್ತದೆ, ಕಣ್ಣು ಜಾರಿ ಕೆನ್ನೆಗಿಳಿಯುತ್ತದೆ, ಬೂದು ಚೌಕಗಳು ಮುಖದಿಂದ ಕಿತ್ತು ತೇಲುತ್ತವೆ. ದನಿ ಮಾತ್ರ ಏನೂ ಆಗದಂತೆ ಸಾಗುತ್ತಿರುತ್ತದೆ. ರಾತ್ರಿ ಒಬ್ಬರೇ ಕೂತು ಇದನ್ನು ಮೊದಲ ಸಲ ನೋಡಿದವರ ಎದೆ ಝಲ್ಲೆನ್ನದೆ ಇರುವುದಿಲ್ಲ. ಮುಂದಿನ ಇಡಿ ಚಿತ್ರ ಬಂದ ಕ್ಷಣ ಎಲ್ಲವೂ ತಟ್ಟನೆ ಸರಿಯಾಗಿಬಿಡುತ್ತದೆ. ಅದು ಇನ್ನಷ್ಟು ಭಯದ್ದು.

‘ಎವಿಐ’ ಎಂಬುದು ಮೈಕ್ರೋಸಾಫ್ಟ್ 1992ರಲ್ಲಿ ತಂದ ಒಂದು ಪೆಟ್ಟಿಗೆ ಮಾತ್ರ. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಮಡಿಸಿಟ್ಟಿದ್ದಾರೋ ಅದನ್ನು ಬಿಡಿಸುವ ಸಾಫ್ಟ್‌ವೇರ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕಪ್ಪು ಪರದೆ, ಬರೀ ದನಿ. ಸೈಬರ್ ಕೆಫೆಯ ಕಾಲದಲ್ಲಿ, ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಂಡು ಬರುತ್ತಿದ್ದ ಕಾಲದಲ್ಲಿ, ನಮ್ಮೂರುಗಳಲ್ಲೂ ಇದು ದಿನನಿತ್ಯದ ಅನುಭವ. ಕೆಟ್ಟ ಫೈಲುಗಳು ಹೇರಳವಾಗಿದ್ದ ಆ ಕಾಲದಲ್ಲಿಯೇ ‘ಎವಿಐ’ ಕಥೆಗಳೂ ಹುಲುಸಾಗಿ ಬೆಳೆದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಬೇಕೆಂದೇ ನಿಗೂಢವಾಗಿ ಮಾಡಿದ ವಿಡಿಯೊಗಳೂ ಇವೆ. 2015ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ತಂತ್ರಜ್ಞಾನ ಜಾಲತಾಣದ ಸಂಪಾದಕರಿಗೆ ಪೋಲೆಂಡಿನಿಂದ ಅಂಚೆಯಲ್ಲಿ ಒಂದು ಡಿಸ್ಕ್ ಬಂತು. ಅದರಲ್ಲಿದ್ದ ಎರಡು ನಿಮಿಷದ ಕಪ್ಪುಬಿಳುಪು ವಿಡಿಯೊಗೆ ‘11ಬಿಎಕ್ಸ್1371’ ಎಂಬ ಹೆಸರು ಅಂಟಿಕೊಂಡಿತು. ಪಾಳುಬಿದ್ದ ಇಟ್ಟಿಗೆಯ ಕೋಣೆ. ಹಳೆಯ ಯುರೋಪಿನ ಪ್ಲೇಗ್ ವೈದ್ಯರು ಹಾಕುತ್ತಿದ್ದ ಕೊಕ್ಕಿನ ಮುಖವಾಡ ತೊಟ್ಟ ಆಕೃತಿ. ಅಂಗೈಯಲ್ಲಿ ಮಿನುಗುವ ದೀಪ, ಕಿವಿಗೆ ಕೊರೆಯುವ ಸದ್ದು. ಆ ಸದ್ದನ್ನು ಚಿತ್ರವಾಗಿ ಬಿಡಿಸಿ ನೋಡಿದರೆ ಬೆದರಿಕೆಯ ಮಾತುಗಳು ಕಾಣುತ್ತಿದ್ದವು. ಇದರಲ್ಲಿ ಮಾಯೆಯೇನಿಲ್ಲ. ಕಾಲವನ್ನು ಅಡ್ಡಕ್ಕೆ, ಸ್ಥಾಯಿಯನ್ನು ಉದ್ದಕ್ಕೆ ಇಟ್ಟು ದನಿಯ ನಕ್ಷೆ ಬರೆಯಬಹುದು. ಅದನ್ನು ತಿರುಗುಮುರುಗಾಗಿಸಿದರೆ, ಮೊದಲು ಚಿತ್ರ ಬರೆದು ಅದನ್ನೇ ದನಿಯಾಗಿಸಬಹುದು. ಹಾಗೆ ಮಾಡಿದ ಸಂಗೀತ ಮಧುರವಾಗಿರುವುದಿಲ್ಲ ಅಷ್ಟೆ. ಮುಂದೆ ಪಾರ್ಕರ್ ವಾರ್ನರ್ ರೈಟ್ ಎಂಬ ಹೆಸರಿನಲ್ಲಿ ಒಬ್ಬ ಕಲಾವಿದ ಇದು ತನ್ನ ಕೃತಿ ಎಂದು ಮುಂದೆ ಬಂದ, ಎರಡನೆಯ ವಿಡಿಯೊವನ್ನೂ ಬಿಡುಗಡೆ ಮಾಡಿದ.

ಕುತೂಹಲಿಗಳು ಕಿಟಕಿ, ಗೋಡೆಗಳನ್ನು ಹಳೆಯ ಫೋಟೊಗಳ ಜೊತೆ ಹೋಲಿಸಿ ಆ ಜಾಗವನ್ನು ಪತ್ತೆ ಮಾಡಿದ್ದರು. ವಾರ್ಸಾ ಸಮೀಪದ ಒಟ್‌ವೊಟ್ಸ್ಕ್ ಎಂಬ ಊರಿನ ಝೋಫ್ಯುವ್ಕಾ. 1908ರಲ್ಲಿ ಯಹೂದಿಗಳಿಗಾಗಿ ಕಟ್ಟಿದ ಮನೋರೋಗಿಗಳ ಆಸ್ಪತ್ರೆ. ನಾಜಿಗಳ ಆಳ್ವಿಕೆಯಲ್ಲಿ ಅಲ್ಲಿನ ರೋಗಿಗಳು ಅನ್ನವಿಲ್ಲದೆ ಸತ್ತರು. ಉಳಿದವರಲ್ಲಿ ಹಲವರನ್ನು 1942ರ ಆಗಸ್ಟಿನಲ್ಲಿ ಗುಂಡಿಕ್ಕಿ ಕೊಂದರು. ಮುಖವಾಡದವನು ಯಾರೆಂದು ಜಗತ್ತೇ ತಲೆಕೆಡಿಸಿಕೊಂಡಿತು. ಅವನ ಹಿಂದಿನ ಗೋಡೆ ಕಂಡ ನಿಜವಾದ ಕ್ರೌರ್ಯ ಇತಿಹಾಸದ ಪುಸ್ತಕದಲ್ಲಿ ತಾರೀಖಿನ ಸಮೇತ ಇತ್ತು. ಅದನ್ನು ಓದಿದವರು ಕಡಿಮೆ. ಇದು ನನ್ನನ್ನು ತುಂಬ ಕಾಡಿದ ಸಂಗತಿ.

ಈಗ ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗೆ ಬರೋಣ. ಬರೀ ವಿಡಿಯೊ ತೆರೆದರೆ ಫೋನ್ ಕೆಡಬಹುದೇ? ‘ಸಾಧ್ಯವೇ ಇಲ್ಲ’ ಎಂದು ಹೇಳಿದರೆ ತಪ್ಪಾಗುತ್ತದೆ. 2015ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಬಯಲಾಯಿತು. ಚಿತ್ರ-ದನಿಗಳನ್ನು ಬಿಡಿಸುವ ಭಾಗದಲ್ಲೇ ಬಿರುಕಿತ್ತು. ಕಿಡಿಗೇಡಿತನದಿಂದ ಹೆಣೆದ ಒಂದು ವಿಡಿಯೊ ಸಂದೇಶ ಫೋನಿನ ಒಳಗೆ ನುಗ್ಗಬಹುದಿತ್ತು. ಸುಮಾರು 95 ಕೋಟಿ ಫೋನುಗಳಿಗೆ ಅಪಾಯವಿದೆಯೆಂದು ಕಂಡುಹಿಡಿದವರು ಅಂದಾಜಿಸಿದ್ದರು. 2019ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲೂ ಇಂಥದೇ ಒಂದು ದೋಷ ಸಿಕ್ಕಿ ಅದನ್ನು ಸರಿಪಡಿಸಿದರು. ಎರಡೂ ಸಲ ಪರಿಹಾರ ಬಂದದ್ದು ಅಪ್‌ಡೇಟ್ ರೂಪದಲ್ಲಿ. ಇಂಥ ದಾಳಿಗೆ ಫೈಲಿನ ಹೆಸರು ಲೆಕ್ಕಕ್ಕೇ ಬರುವುದಿಲ್ಲ. ದಾಳಿಕೋರ ಹೆಸರನ್ನು ಕ್ಷಣಕ್ಕೊಂದರಂತೆ ಬದಲಿಸಬಲ್ಲ. ಆದ್ದರಿಂದ ‘ಈ ಹೆಸರಿನ ವಿಡಿಯೊ ತೆರೆಯಬೇಡಿ’ ಎಂಬ ಎಚ್ಚರಿಕೆ ನಿಜವಾದ ಅಪಾಯದಿಂದ ಯಾರನ್ನೂ ಕಾಪಾಡದು. ಫೋನನ್ನು ಅಪ್‌ಡೇಟ್ ಮಾಡಿಟ್ಟುಕೊಳ್ಳುವುದು ಕಾಪಾಡುತ್ತದೆ.

ಹೆಸರು ಮೋಸ ಮಾಡುವ ಕಡೆಯೊಂದಿದೆ, ಅದು ಬಾಲದಲ್ಲಿ. 2000ನೇ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವೈರಸ್ ಜಗತ್ತಿನ ಕಚೇರಿಗಳನ್ನು ಮಲಗಿಸಿತು. ಅದರ ಫೈಲಿನ ಹೆಸರು ‘ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್’. ವಿಂಡೋಸ್ ತನಗೆ ಗೊತ್ತಿರುವ ಬಾಲವನ್ನು ಬಳಕೆದಾರರಿಗೆ ತೋರಿಸದೆ ಮುಚ್ಚಿಡುತ್ತಿತ್ತು. ಕೊನೆಯ ‘ವಿಬಿಎಸ್’ ಕಾಣದೆ, ಅದು ಬರೀ ಅಕ್ಷರದ ಕಡತವೆಂದು ಜನ ಒತ್ತಿದರು. ಇವತ್ತು ನಮ್ಮ ಫೋನುಗಳಿಗೆ ಬರುವುದು ಇದರ ಮೊಮ್ಮಕ್ಕಳು. ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್ ಎಂಬ ಹೆಸರು ಹೊತ್ತು, ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ ಇಟ್ಟುಕೊಂಡು ಬರುತ್ತವೆ. ಅದು ಪತ್ರವೂ ಅಲ್ಲ, ವಿಡಿಯೊವೂ ಅಲ್ಲ, ಫೋನಿನಲ್ಲಿ ಕೂರುವ ಒಂದು ಆ್ಯಪ್. ಒಮ್ಮೆ ಅನುಮತಿ ಕೊಟ್ಟರೆ ನಿಮಗೆ ಬರುವ ಒಟಿಪಿ ಸಂದೇಶಗಳನ್ನೆಲ್ಲ ಓದುತ್ತದೆ. 2024ರ ಕೊನೆಯಲ್ಲಿ ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಆಮಂತ್ರಣದ ಎಪಿಕೆ ಬಗ್ಗೆ ಎಚ್ಚರಿಸಿದ್ದರು. ಶಾಪಗ್ರಸ್ತ ವಿಡಿಯೊಗೆ ಹೆದರುವ ಮನೆಗಳಲ್ಲೇ ಆಮಂತ್ರಣವನ್ನು ನಿರಾತಂಕವಾಗಿ ಒತ್ತುತ್ತಾರೆ ಎಂಬುದೇ ನನ್ನ ಆತಂಕ.

ಇದಕ್ಕಿಂತ ಘೋರವಾದದ್ದು ನಡೆದದ್ದು ಕರ್ನಾಟಕದಲ್ಲಿ, ಅದಕ್ಕೆ ಕಾರಣವಾದ ವಿಡಿಯೊ ಬಂದದ್ದು ಮಾತ್ರ ಕರಾಚಿಯಿಂದ. ಪಾಕಿಸ್ತಾನದ ‘ರೋಶ್ನಿ ಹೆಲ್ಪ್‌ಲೈನ್’ ಎಂಬ ಸಂಸ್ಥೆ ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುತ್ತದೆ. ಪೋಷಕರನ್ನು ಎಚ್ಚರಿಸಲು ಅದು ಒಂದು ಕಿರುಚಿತ್ರ ಮಾಡಿಸಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಅವರೇ ಹಿಂತಿರುಗಿ ಬಂದು ಮಗುವನ್ನು ಇಳಿಸಿ ಒಂದು ಫಲಕ ಹಿಡಿಯುತ್ತಾರೆ: ಕರಾಚಿಯ ಬೀದಿಯಲ್ಲಿ ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂದು. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ಚೂರು 2018ರಲ್ಲಿ ಭಾರತದ ಫೋನುಗಳಿಗೆ ಹರಿಯಿತು. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ ಎಂಬ ದನಿ ಅದಕ್ಕೆ ಅಂಟಿಕೊಂಡಿತು, ಪ್ರತಿ ರಾಜ್ಯದಲ್ಲೂ ಅಲ್ಲಲ್ಲಿಯ ಭಾಷೆಯಲ್ಲಿ.

ಆ ಚೂರು ನಿಮ್ಮ ಫೋನಿಗೆ ಬಂದಾಗ ಅದರ ಹೆಸರು ಹೇಗಿರುತ್ತದೆ ಗೊತ್ತೇ? ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಫೋಲ್ಡರ್ ತೆರೆದು ನೋಡಿ. ‘ವಿಐಡಿ-20180520-ಡಬ್ಲ್ಯುಎ0007’ ಎಂಬಂಥ ಹೆಸರು. ನಡುವಿನ ಎಂಟು ಅಂಕಿ ಒಂದು ದಿನಾಂಕ: 2018ರ ಮೇ 20. ವಿಡಿಯೊ ಅಂದೇ ತೆಗೆದದ್ದು ಎಂದು ನೋಡಿದವರಿಗೆ ಅನ್ನಿಸುತ್ತದೆ. ಅದು ತೆಗೆದ ದಿನವಲ್ಲ, ನಿಮ್ಮ ಫೋನಿಗೆ ಬಂದ ದಿನ. ಕೊನೆಯ ನಾಲ್ಕು ಅಂಕಿ ಅಂದು ಬಂದವುಗಳ ಸರದಿ. ಮೂಲ ಫೈಲಿನ ಹೆಸರು, ಕ್ಯಾಮೆರಾ, ಜಾಗ, ಸಮಯ ಎಲ್ಲವೂ ದಾರಿಯಲ್ಲಿ ಉದುರಿಹೋಗಿರುತ್ತವೆ. ಎರಡು ವರ್ಷ ಹಳೆಯ, ಗಡಿಯಾಚೆಯ, ನಟರು ನಟಿಸಿದ ಚಿತ್ರ ‘ಇವತ್ತು, ಇಲ್ಲೇ ಪಕ್ಕದಲ್ಲಿ’ ನಡೆದಂತೆ ಕಾಣುವುದು ಹೀಗೆ.

2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಅವರು ಗೆಳೆಯರ ಜೊತೆ ಕಾರಿನಲ್ಲಿ ಬಂದವರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಒಂದು ಊರಿನಿಂದ ತಪ್ಪಿಸಿಕೊಂಡು ಹೊರಟರೆ, ಅವರ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿ ಕಾದಿದ್ದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹೇರಿತು.

ಆ ಊರುಗಳ ಜನ ರಾಕ್ಷಸರಾಗಿರಲಿಲ್ಲ. ತಮ್ಮ ಮಕ್ಕಳಿಗೆ ಏನಾದರೂ ಆದೀತೆಂಬ ಭಯ ಎಲ್ಲ ತಾಯಿತಂದೆಯರದ್ದೇ. ಆದರೆ ಭಯ ಕೊಲೆಗೆ ಸಮಜಾಯಿಷಿ ಆಗಲಾರದು. ವಿಡಿಯೊ ಎಲ್ಲಿಯದು ಎಂದು ಕೇಳುವ ಒಬ್ಬನೇ ಒಬ್ಬ ಆ ಗುಂಪುಗಳಲ್ಲಿ ಇದ್ದಿದ್ದರೆ, ಅವನ ಮಾತಿಗೆ ಬೆಲೆ ಸಿಕ್ಕಿದ್ದರೆ ಎಂದು ಯೋಚಿಸದೆ ಇರಲಾಗುವುದಿಲ್ಲ.

ಸರ್ಕಾರಗಳೂ ಈ ಭಯದಿಂದ ಹೊರತಲ್ಲ. 2017ರಲ್ಲಿ ‘ಬ್ಲೂ ವೇಲ್’ ಎಂಬ ಸಾವಿನ ಆಟದ ಸುದ್ದಿ ದೇಶವನ್ನು ಆವರಿಸಿದಾಗ, ಅದರ ಕೊಂಡಿಗಳನ್ನು ತೆಗೆದುಹಾಕಿ ಎಂದು ಕೇಂದ್ರ ಸರ್ಕಾರವೇ ಗೂಗಲ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಿಗೆ ಪತ್ರ ಬರೆಯಿತು. ತನಿಖೆಗೆ ನೇಮಿಸಿದ ಸಮಿತಿಗೆ ಒಂದು ಸಾವಿನಲ್ಲೂ ಆ ಆಟದ ಕೈವಾಡ ಸ್ಥಾಪಿತವಾಗಲಿಲ್ಲ ಎಂದು 2018ರ ಆರಂಭದಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಮಕ್ಕಳ ಸಾವು ನಿಜವಾಗಿತ್ತು. ಅವರ ಮನಸ್ಸಿನ ನೋವು ನಿಜವಾಗಿತ್ತು. ಕಾಣದ ಆಟದ ಮೇಲೆ ಹೊರೆ ಹಾಕಿದ್ದರಿಂದ ಆ ನೋವನ್ನು ಕೇಳುವ ಹೊಣೆಯಿಂದ ದೊಡ್ಡವರು ತಪ್ಪಿಸಿಕೊಂಡರು. ಮಗು ಹೆದರಿಕೆಯ ವಿಡಿಯೊ ನೋಡಿದೆನೆಂದು ಬಂದರೆ ಫೋನ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ಏನು ನೋಡಿದೆ ಎಂದು ಕೇಳಿ. ಸಾಧ್ಯವಾದರೆ ಜೊತೆಗೇ ನೋಡಿ.

ಅಪರಿಚಿತ ವಿಡಿಯೊ ಎಲ್ಲಿಯದೆಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ದೃಶ್ಯ ಹಿಂದೆ ಎಲ್ಲಿ ಪ್ರಕಟವಾಗಿತ್ತೋ ಹಲವು ಸಲ ಸಿಕ್ಕಿಬಿಡುತ್ತದೆ. ಅಂಗಡಿ ಫಲಕದ ಲಿಪಿ, ವಾಹನದ ನಂಬರ್ ಪ್ಲೇಟ್, ಪೊಲೀಸರ ಸಮವಸ್ತ್ರದ ಬಣ್ಣ, ರಸ್ತೆಯ ಯಾವ ಬದಿಯಲ್ಲಿ ಗಾಡಿ ಓಡುತ್ತಿದೆ ಎಂಬುದನ್ನು ನೋಡಿ. ಶುರು ಮತ್ತು ಕೊನೆ ತುಂಡರಿಸಿದಂತಿದೆಯೇ ಎಂದು ನೋಡಿ. ಏನೂ ತಿಳಿಯದಿದ್ದರೆ ಮುಂದಕ್ಕೆ ಕಳಿಸಬೇಡಿ, ಅಷ್ಟೇ ಸಾಕು. ಎಪಿಕೆ ಒತ್ತಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಿಜವಾಗಿಯೂ ಹೆಸರಿಲ್ಲದ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. 2009ರಿಂದ 2012ರವರೆಗೆ ಐಫೋನಿನಲ್ಲಿ ವಿಡಿಯೊವನ್ನು ನೇರವಾಗಿ ಯೂಟ್ಯೂಬಿಗೆ ಕಳಿಸುವ ಗುಂಡಿ ಇತ್ತು. ಹೆಸರಿಡುವ ಗೊಡವೆಗೆ ಹೋಗದೆ ಜನ ಒತ್ತಿಬಿಡುತ್ತಿದ್ದರು. 2024ರಲ್ಲಿ ಅಮೆರಿಕದ ಪ್ರೋಗ್ರಾಮರ್ ಒಬ್ಬ ‘ಐಎಂಜಿ’ ಎಂಬ ಹೆಸರಿನಲ್ಲೇ ಉಳಿದುಹೋದ ಅಂಥ ಸುಮಾರು 50 ಲಕ್ಷ ವಿಡಿಯೊಗಳನ್ನು ಹುಡುಕಿ ಒಂದೊಂದಾಗಿ ತೋರಿಸುವ ಜಾಲತಾಣ ಮಾಡಿದ. ಹುಟ್ಟುಹಬ್ಬದ ಮೇಣದಬತ್ತಿ, ಶಾಲೆಯ ಕುಣಿತ, ನಾಯಿಯ ತುಂಟಾಟ, ಹಿಮದಲ್ಲಿ ಜಾರುವ ಮಕ್ಕಳು. ಎಷ್ಟೋ ವಿಡಿಯೊಗಳನ್ನು ತೆಗೆದವರ ಹೊರತು ಬೇರಾರೂ ನೋಡಿರಲಿಲ್ಲ.

ನಿಮ್ಮ ಫೋನಿನಲ್ಲೂ ಅಜ್ಜಿಯ ಹಾಡು, ಊರ ತೇರು, ಮಗಳ ಮೊದಲ ಮಾತು ‘ವಿಐಡಿ’ ಎಂಬ ಹೆಸರಿನಲ್ಲಿ ಬಿದ್ದಿರುತ್ತವೆ. ಮೂಲ ಫೈಲನ್ನು ಹುಡುಕಿ, ಕಂಪ್ಯೂಟರಿಗೋ ಡಿಸ್ಕಿಗೋ ಪ್ರತಿ ಮಾಡಿಕೊಳ್ಳಿ. ಯಾರು, ಎಲ್ಲಿ, ಯಾವ ವರ್ಷ ಎಂದು ಕನ್ನಡದಲ್ಲೇ ಹೆಸರಿಡಿ. ಈಗಿನ ಫೋನು, ಕಂಪ್ಯೂಟರುಗಳೆಲ್ಲ ಕನ್ನಡದ ಹೆಸರನ್ನು ಒಪ್ಪುತ್ತವೆ.